11 ವರ್ಷ ಕೆಲಸ ಮಾಡಿದ್ದೇನೆ, 14 ತಿಂಗಳಿಂದ ಎಲ್ಲೂ ಕೆಲಸ ಸಿಗುತ್ತಿಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 11 ವರ್ಷದ ಅನುಭವ, 14 ತಿಂಗಳ ಹುಡುಕಾಟ, 200ಕ್ಕಿಂತ ಜಾಸ್ತಿ ಅರ್ಜಿ, ಬಂದ ಉತ್ತರ ಬೆರಳೆಣಿಕೆಯಷ್ಟು. ಕೊನೆಗೆ "ನನ್ನಲ್ಲೇ ಏನೋ ಕೊರತೆ ಇರಬೇಕು" ಅಂತ ಬರೆದಿದ್ದೀರಿ. ಆ ಒಂದು ಸಾಲಿಗಾಗಿಯೇ ಈ ಉತ್ತರ ಬರೆಯುತ್ತಿದ್ದೇನೆ. ಯಾಕಂದ್ರೆ ಅದೇ ಮಾತನ್ನು ನಾನು 17 ತಿಂಗಳು ದಿನಾ ನನಗೆ ನಾನೇ ಹೇಳಿಕೊಂಡಿದ್ದೆ.

ನಾನು ಕಲಬುರಗಿಯವನು. 13 ವರ್ಷ ಪುಣೆ ಹತ್ತಿರದ ಚಾಕಣ್‌ನಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ, ಅಂದ್ರೆ ಸಾಮಾನಿನ ಉಗ್ರಾಣದಲ್ಲಿದ್ದೆ. ಹೆಲ್ಪರ್ ಜೊತೆ ಪೆಟ್ಟಿಗೆ ಎತ್ತುವುದರಿಂದ ಶುರು ಮಾಡಿ, ಕೊನೆಗೆ ಇಡೀ ಸ್ಟೋರ್ ನೋಡಿಕೊಳ್ಳುತ್ತಿದ್ದೆ. 2022ರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಮನೆಯಲ್ಲಿ ಅವ್ವ ಒಬ್ಬಳೇ, ನಾನು ಒಬ್ಬನೇ ಮಗ. ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಬಂದೆ. ಇಷ್ಟು ವರ್ಷದ ಅನುಭವ ಇದೆ, ಎರಡು ಮೂರು ತಿಂಗಳಲ್ಲಿ ಇಲ್ಲೇ ಎಲ್ಲಾದರೂ ಸೇರಿಕೊಂಡರಾಯಿತು ಅಂದುಕೊಂಡಿದ್ದೆ.

ಇಲ್ಲಿನ ಲೆಕ್ಕ ಬೇರೆ ಇತ್ತು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾರ್ಖಾನೆ ಅಂದ್ರೆ ಸಿಮೆಂಟು. ಸುಣ್ಣದ ಕಲ್ಲು ಇರುವ ಕಡೆ, ವಾಡಿ, ಮಳಖೇಡ, ಸೇಡಂ ಸುತ್ತ. ನಾನು ಕೇಳಿದ ಕಡೆಯೆಲ್ಲ ಒಂದೇ ಮಾತು: ಸ್ಟೋರ್ಸ್‌ಗೆ ಕಂಪನಿ ರೋಲ್‌ನಲ್ಲಿ ಜಾಗ ಇಲ್ಲ, ಕಂಟ್ರಾಕ್ಟರ್ ಕಡೆಯಿಂದ ಬನ್ನಿ. ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೂ ಹೋಗಿ ಬಂದೆ. ಅಲ್ಲಿ ಔಷಧಿ ಕಾರ್ಖಾನೆಗಳು ಬಂದಿವೆ, ಆದರೆ ನಾನು ವಿಚಾರಿಸಿದ ಕಡೆ ಔಷಧಿ ಗೋದಾಮಿನ ಅನುಭವವೇ ಬೇಕು ಅಂದರು. ಇನ್ನು ದಾಲ್ ಮಿಲ್ಲುಗಳು, ಗಂಜ್‌ನ (ಧಾನ್ಯದ ಮಾರುಕಟ್ಟೆಯ) ಅಡತ್ ಅಂಗಡಿಗಳು, ಅಂದ್ರೆ ಕಮಿಷನ್ ಮೇಲೆ ಮಾಲು ಮಾರಿಕೊಡುವವರು. ಅಲ್ಲಿ ಜಾಹೀರಾತು ಅನ್ನುವುದೇ ಇಲ್ಲ. ಗೊತ್ತಿದ್ದವರು ಗೊತ್ತಿದ್ದವರನ್ನು ಕರೆದು ಕೂರಿಸುತ್ತಾರೆ.

ನೆಂಟರೆಲ್ಲ 371(ಜೆ) ಸರ್ಟಿಫಿಕೇಟ್ ಮಾಡಿಸು ಅಂದರು. 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಆ ಕಲಂನಿಂದ ನಮ್ಮ ಭಾಗದ ಮಕ್ಕಳಿಗೆ ಕಾಲೇಜು ಸೀಟಿನಲ್ಲಿ, ಸರ್ಕಾರಿ ಹುದ್ದೆಯಲ್ಲಿ ನಿಜವಾಗಿಯೂ ಅನುಕೂಲವಾಗಿದೆ. ಆದರೆ ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲ, ಸರ್ಕಾರಿ ಕೆಲಸಕ್ಕೆ ನನ್ನ ವಯಸ್ಸು ದಾಟಿತ್ತು. ನಿರುದ್ಯೋಗ ಭತ್ಯೆ ಕೊಡುವ ಯುವನಿಧಿ ಸುದ್ದಿ ಬಂದಾಗ ಅವ್ವ ಪೇಪರ್ ಹಿಡಿದುಕೊಂಡೇ ಬಂದಳು. ಅದು 2022-23ರಲ್ಲಿ ಓದು ಮುಗಿಸಿದ ಹುಡುಗರಿಗೆ ಅವ್ವಾ, ನನಗಲ್ಲ ಅಂತ ಹೇಳಬೇಕಾಯಿತು. ಏನೂ ಅನ್ನಲಿಲ್ಲ, ಪೇಪರ್ ಮಡಚಿಟ್ಟು ಒಳಗೆ ಹೋದಳು.

ಈ ಕಷ್ಟವನ್ನು ಹೊರಗಿನವರು "ಪಾಸಿಟಿವ್ ಆಗಿರಿ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ಮಾತು ಕೇಳಿದರೆ ಈಗಲೂ ಸಂಕಟವಾಗುತ್ತದೆ. ಮದುವೆಗೆ ಹೋದರೆ ಊಟಕ್ಕೆ ಕೂರುವ ಮೊದಲೇ "ಈಗ ಏನ್ ಮಾಡ್ಲತ್ತೀರಿ?" ಅಂತ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ, ನನಗೆ ಗೊತ್ತು. ಆದರೂ ನಾನು ಮದುವೆಗೆ ಹೋಗುವುದನ್ನೇ ಬಿಟ್ಟೆ. ಬೆಳಿಗ್ಗೆ ಊರಿನ 'ಅಪ್ಪನ ಕೆರೆ' ಸುತ್ತ ವಾಕಿಂಗ್ ಹೋಗುತ್ತಿದ್ದವನು ಗುರುತಿನವರು ಸಿಗುತ್ತಾರೆ ಅಂತ ಇನ್ನೂ ಕತ್ತಲಿರುವಾಗಲೇ ಹೋಗಿ ಬಂದುಬಿಡುತ್ತಿದ್ದೆ. ಹೆಂಡತಿ ಒಂದು ಖಾಸಗಿ ಶಾಲೆಯಲ್ಲಿ ತಿಂಗಳಿಗೆ 9 ಸಾವಿರಕ್ಕೆ ಪಾಠ ಹೇಳಲು ಶುರು ಮಾಡಿದಳು. ಒಂದು ದಿನ ಐದನೇ ಕ್ಲಾಸಿನ ಮಗಳು ಶಾಲೆಯ ಡೈರಿ ತಂದು, "ಪಪ್ಪಾ, ತಂದೆಯ ಉದ್ಯೋಗ ಅಂತ ಅದ, ಏನ್ ಬರೀಲಿ?" ಅಂದಳು. ಸ್ಟೋರ್ ಇನ್‌ಚಾರ್ಜ್ ಅಂತ ಬರಿ ಅಂದೆ. ಬರೆದಳು. ಆಮೇಲೆ ನೋಡಿದರೆ ಆ ಪುಟದಲ್ಲಿ ಎಲ್ಲ ಪೆನ್ನಿನಲ್ಲಿತ್ತು, ಅದೊಂದು ಮಾತ್ರ ಪೆನ್ಸಿಲ್‌ನಲ್ಲಿತ್ತು.

ಬೆಂಗಳೂರಿನ ಒಂದು ಕಂಪನಿ ಇಂಟರ್‌ವ್ಯೂಗೆ ಕರೆದಾಗ ಸೋಲಾಪುರ-ಹಾಸನ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಹೋದೆ. ಸ್ಟೇಷನ್ನಿನಲ್ಲೇ ಮುಖ ತೊಳೆದು ಅಂಗಿ ಬದಲಿಸಿದೆ. ಇಂಟರ್‌ವ್ಯೂ ಎಂಟು ನಿಮಿಷ. ಸ್ಟೋರ್ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಗ್ಯಾಪ್ ಯಾಕೆ, ಹಿಂದಿನ ಸಂಬಳ ಎಷ್ಟು, ಅಷ್ಟೇ. ತಿಳಿಸುತ್ತೇವೆ ಅಂದರು. ತಿಳಿಸಲಿಲ್ಲ. ವಾಪಸ್ ಬರುವಾಗ ಮೇಲಿನ ಬರ್ತ್‌ನಲ್ಲಿ ಮಲಗಿಕೊಂಡು ಒಂದು ವಿಷಯ ಯೋಚಿಸಿದೆ, ಅದನ್ನೇ ನಿಮಗೂ ಹೇಳಬೇಕು. ಅವರು ನನ್ನ ಕೆಲಸ ನೋಡಿ ಬೇಡ ಅನ್ನಲಿಲ್ಲ. ಅವರು ನನ್ನ ಕೆಲಸವನ್ನು ನೋಡಲೇ ಇಲ್ಲ. ನಿಮ್ಮ 200 ಅರ್ಜಿಗಳಲ್ಲೂ ಬಹುಪಾಲು ಆಗಿರುವುದು ಇದೇ. ಯಾರೂ ನೋಡದ ಕೆಲಸದಲ್ಲಿ ಕೊರತೆ ಇದೆ ಅಂತ ತೀರ್ಪು ಕೊಟ್ಟವರು ಯಾರು? ನೀವೇ ಅಲ್ವಾ?

ಅಲ್ಲಿಂದ ಬಂದ ಮೇಲೆ ನನ್ನ ರೆಸ್ಯೂಮನ್ನು ಬೇರೆಯವರದು ಅನ್ನುವ ಹಾಗೆ ಓದಿದೆ. "ಮಟೀರಿಯಲ್ಸ್ ವಿಭಾಗದಲ್ಲಿ 13 ವರ್ಷಗಳ ಜವಾಬ್ದಾರಿಯುತ ಸೇವೆ" ಅಂತಿತ್ತು. ಇದರಲ್ಲಿ ನಾನು ಏನು ಮಾಡಬಲ್ಲೆ ಅನ್ನುವುದು ಎಲ್ಲಿದೆ? ಹಳೇ ಕಂಪನಿ ಕೊಟ್ಟ ಹುದ್ದೆಯ ಹೆಸರು "ಆಫೀಸರ್-ಮಟೀರಿಯಲ್ಸ್". ಹುಡುಕುವವರು ಟೈಪ್ ಮಾಡುವುದು "ಸ್ಟೋರ್ ಇನ್‌ಚಾರ್ಜ್", "ಇನ್ವೆಂಟರಿ", "ಎಸ್‌ಎಪಿ ಎಂಎಂ" (ಮಾಲಿನ ಲೆಕ್ಕ ಇಡುವ ಸಾಫ್ಟ್‌ವೇರ್). ಈ ಮೂರೂ ನನ್ನ ಕಾಗದದಲ್ಲಿ ಇರಲಿಲ್ಲ! ಎಷ್ಟೋ ವರ್ಷ ದಿನಕ್ಕೆ ನೂರು ಸಲ ಅದರ ಮಿಗೋ ಸ್ಕ್ರೀನ್ ತೆಗೆದು ಮಾಲು ಒಳಗೆ ತೆಗೆದುಕೊಂಡವನು, ಎಸ್‌ಎಪಿ ಬರುತ್ತದೆ ಅಂತ ಬರೆಯುವುದನ್ನೇ ಮರೆತಿದ್ದೆ. ಅದು ನನಗೆ ಉಸಿರಾಟದಷ್ಟು ಮಾಮೂಲಿಯಾಗಿತ್ತು. ನಿಮಗೂ ಹಾಗೇ ಆಗಿರಬಹುದು, ನೋಡಿ. ಅನುಭವ ಜಾಸ್ತಿ ಇದ್ದವರು ತಮಗೆ ಸುಲಭವಾಗಿದ್ದನ್ನು ಬರೆಯುವುದೇ ಇಲ್ಲ, ಕೇಳುವವರಿಗೆ ಬೇಕಾಗಿರುವುದು ಅದೇ ಇರುತ್ತದೆ.

ಮತ್ತೆ ಬರೆದೆ. ಎಷ್ಟು ಸಾವಿರ ಐಟಂಗಳ ಸ್ಟೋರ್, ವರ್ಷಕ್ಕೆ ಎಷ್ಟು ಸಲ ಎಣಿಕೆ, ಪುಸ್ತಕಕ್ಕೂ ಕಪಾಟಿಗೂ ಎಷ್ಟು ವ್ಯತ್ಯಾಸ ಬರುತ್ತಿತ್ತು, ಕೈಕೆಳಗೆ ಎಷ್ಟು ಜನ. ಮೊದಲ ಅರ್ಧ ಪುಟದಲ್ಲೇ ಎಲ್ಲ ಇತ್ತು. ಗ್ಯಾಪ್ ಬಗ್ಗೆಯೂ ಮುಚ್ಚಿಡದೆ ಒಂದು ಸಾಲು ಹಾಕಿದೆ: ತಂದೆಯ ಅನಾರೋಗ್ಯದಿಂದ ಊರಿಗೆ ಬಂದಿದ್ದೇನೆ, ತಕ್ಷಣ ಸೇರಬಲ್ಲೆ. ಮೂರು ವಾರದಲ್ಲಿ ಐದು ಕರೆ ಬಂದವು. ಅದಕ್ಕೂ ಮುಂಚೆ ಆರು ತಿಂಗಳಲ್ಲಿ ಎರಡು ಬಂದಿದ್ದವು.

ಆ ಐದರಲ್ಲಿ ಒಂದು ಹೈದರಾಬಾದಿನದು, ಪಕ್ಕಾ ಆಗುವ ಹಂತಕ್ಕೆ ಬಂದು ನಿಂತುಹೋಯಿತು. ಯಾಕೆ ಅಂದ್ರೆ ಪಿಎಫ್. ನನ್ನ ಹಳೇ ಕಂಪನಿ ನಾನು ಬಿಟ್ಟ ತಾರೀಖನ್ನು ಪಿಎಫ್ ಖಾತೆಯಲ್ಲಿ ಹಾಕಿರಲೇ ಇಲ್ಲ. ವೆರಿಫಿಕೇಶನ್ ಮಾಡುವವರಿಗೆ ನಾನು ಇನ್ನೂ ಅಲ್ಲೇ ಕೆಲಸದಲ್ಲಿರುವ ಹಾಗೆ ಕಾಣುತ್ತಿತ್ತು. ಅದನ್ನು ಸರಿ ಮಾಡಿಸುವಷ್ಟರಲ್ಲಿ ಆ ಜಾಗ ಬೇರೆಯವರ ಪಾಲಾಯಿತು. ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ನಾವೇ ಪೋರ್ಟಲ್‌ನಲ್ಲಿ ಆ ತಾರೀಖು ಹಾಕಿಕೊಳ್ಳಬಹುದು ಅಂತ ಗೊತ್ತಾಗಿದ್ದು ಆಮೇಲೆ. ನೀವು ಇವತ್ತೇ ಪಿಎಫ್ ಪೋರ್ಟಲ್‌ನಲ್ಲಿ ನಿಮ್ಮ ಯುಎಎನ್ (ಪಿಎಫ್ ನಂಬರ್) ಹಾಕಿ ಸರ್ವಿಸ್ ಹಿಸ್ಟರಿ ನೋಡಿ. ಹಾಗೇ, ಕೈಯಲ್ಲಿ ರೊಕ್ಕ ಇಲ್ಲದಾಗ ಪಿಎಫ್ ಕಡೆ ಕಣ್ಣು ಹೋಗುತ್ತದೆ. ನನ್ನದೂ ಹೋಯಿತು, ಸ್ವಲ್ಪ ತೆಗೆದೆ ಕೂಡ, ತಪ್ಪು ಅಂತ ಹೇಳಲಾರೆ. ಆದರೆ ಅದರೊಳಗಿನ ಪಿಂಚಣಿ ಭಾಗ ಬೇರೆ. 10 ವರ್ಷ ಸೇವೆ ತುಂಬಿದ್ದರೆ 58ಕ್ಕೆ ಪಿಂಚಣಿ ಬರುತ್ತದೆ. ಬೇರೆ ಬೇರೆ ಕಂಪನಿಯಲ್ಲಿ ದುಡಿದಿದ್ದರೆ ಆ ವರ್ಷಗಳೆಲ್ಲ ಒಂದೇ ಕಡೆ ಸೇರಿವೆಯಾ ಅಂತ ನೋಡಿಕೊಳ್ಳಿ.

ದುಡ್ಡು ಕೇಳುವವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೆಲಸ ಕೊಡಿಸುತ್ತೇನೆ, ಇಷ್ಟು ಕೊಡಿ ಅಂದವರು ಯಾರೇ ಆಗಲಿ, ಮಾತು ಅಲ್ಲಿಗೇ ನಿಲ್ಲಿಸಿ. 545 ಹುದ್ದೆಗಳ ಪಿಎಸ್‌ಐ ಪರೀಕ್ಷೆಯ ಅಕ್ರಮ 2022ರಲ್ಲಿ ನಮ್ಮ ಕಲಬುರಗಿಯಿಂದಲೇ ಬಯಲಿಗೆ ಬಂತು. ಪರೀಕ್ಷೆ ರದ್ದಾಯಿತು. ನಿಯತ್ತಿನಿಂದ ಓದಿ ಪಾಸಾದವರೂ ಮತ್ತೆ 2024ರ ಜನವರಿಯಲ್ಲಿ ಬರೆಯಬೇಕಾಯಿತು. ಆ ಮಕ್ಕಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನು ನನಗೆ ಕೆಲಸ ಸಿಕ್ಕಿದ್ದು ಹೇಗೆ ಅಂತ. ರೆಸ್ಯೂಮ್‌ನಿಂದ ಅಲ್ಲ. 2023ರ ನವೆಂಬರ್‌ನಲ್ಲಿ ಪಕ್ಕದ ಮನೆಯ ಕಾಕಾ ಬಂದರು. ಅವರು ಗಂಜ್‌ನಲ್ಲಿ ಅಡತ್ ಅಂಗಡಿಯ ಮುನೀಮರು. "ತಮ್ಮಾ, ಸುಮ್ನ ಮನ್ಯಾಗ ಯಾಕ ಕುಂತೀ? ನಮ್ ಸಾವ್ಕಾರ್ರ ಮಿಲ್ಲಿನ ಸ್ಟೋರ್ ಒಮ್ಮೆ ನೋಡಿ ಬಾ. ಯಾವ ಸಾಮಾನ ಎಲ್ಲಿ ಅದ ಅಂತ ಯಾರಿಗೂ ಗೊತ್ತಿಲ್ಲ" ಅಂದರು. ಮೂರು ದಿನದ ಕೆಲಸ, ದಿನಗೂಲಿ ಕೊಡುತ್ತಾರೆ ಅಂದರು. ನಿಜ ಹೇಳಬೇಕೆಂದರೆ ಮನಸ್ಸಿಗೆ ಚುಚ್ಚಿತು. ಚಾಕಣ್‌ನಲ್ಲಿ ಹತ್ತು ಜನರನ್ನು ನಡೆಸಿದವನು ದಿನಗೂಲಿಗೆ ಹೋಗುವುದಾ ಅಂತ. ಹೆಂಡತಿ, "ಹೋಗಿ ನೋಡ್ರಿ, ಇಷ್ಟ ಆಗ್ಲಿಲ್ಲಂದ್ರ ಬರ್ರಿ" ಅಂದಳು. ಹೋದೆ.

ನಂದೂರು ಕೈಗಾರಿಕಾ ಪ್ರದೇಶದಲ್ಲಿ ಆ ದಾಲ್ ಮಿಲ್. ತೊಗರಿ ಸೀಸನ್ ಶುರುವಾಗುವ ಮೊದಲು ಮಿಲ್ ನಿಲ್ಲಿಸಿ ರಿಪೇರಿ ಮಾಡುತ್ತಿದ್ದರು. ಸ್ಟೋರ್ ಅಂದ್ರೆ ಒಂದು ತಗಡಿನ ಕೋಣೆ. ಗೋಡೆಯ ಮೊಳೆಗೆ ಬೆಲ್ಟುಗಳು, ನೆಲದ ಮೇಲೆ ಎಲಿವೇಟರ್ ಬಕೆಟ್‌ಗಳು, ಹಳೇ ಪೇಪರ್‌ನಲ್ಲಿ ಸುತ್ತಿದ ಬೇರಿಂಗುಗಳು, ಎಲ್ಲದರ ಮೇಲೂ ಬೇಳೆಯ ಹಳದಿ ಧೂಳು. ಮೊದಲ ದಿನ ಬರೀ ಬಟ್ಟೆ ಹಿಡಿದು ಬೇರಿಂಗ್ ಒರೆಸಿ ನಂಬರ್ ಓದಿದೆ. 6205, 6308, ಯುಸಿಪಿ 208. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಎಷ್ಟು ಮಿಲಿಮೀಟರ್ ಶಾಫ್ಟಿಗೆ ಕೂರುತ್ತದೆ ಅಂತ ತಿಳಿಯುತ್ತದೆ. 05 ಅಂದ್ರೆ 25, 08 ಅಂದ್ರೆ 40. ಅಲ್ಲಿದ್ದ ಫಿಟರ್ ಹುಡುಗನಿಗೆ ಅದನ್ನು ಹೇಳಿಕೊಟ್ಟೆ. ಅವನು ಇಷ್ಟು ದಿನ ಹಳೇ ಬೇರಿಂಗ್ ಕಿಸೆಯಲ್ಲಿಟ್ಟುಕೊಂಡು ಅಂಗಡಿ ಅಂಗಡಿ ತಿರುಗುತ್ತಿದ್ದನಂತೆ. ಅವನ ಮುಖ ಅರಳಿದ್ದು ನೋಡಿ ನನಗೆ ಕಣ್ಣು ತುಂಬಿತು. ಒಂದೂವರೆ ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಿದ್ದದ್ದು ಒಬ್ಬರಿಗೆ ಬೇಕಾಗಿತ್ತು.

ಮೂರನೇ ದಿನ ಸಂಜೆ ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದು ಸಾವ್ಕಾರರ ಮುಂದಿಟ್ಟೆ. ಯುಸಿಪಿ 208 ಹನ್ನೊಂದು ಇದ್ದವು, ಆ ವಾರವೇ ಸೋಲಾಪುರದಿಂದ ಇನ್ನೂ ನಾಲ್ಕು ತರಿಸಲು ಹೇಳಿದ್ದರು. ಬಿ-62 ಬೆಲ್ಟ್ ಒಂದೂ ಇರಲಿಲ್ಲ, ಅದು ಹರಿದರೆ ಅರ್ಧ ದಿನ ಮಿಲ್ ನಿಲ್ಲುತ್ತದೆ. ಪ್ರತಿ ಸಾಲಿನ ಮುಂದೆ ಅಂದಾಜು ಬೆಲೆ ಹಾಕಿದ್ದೆ. ಅವರು ಕೊನೆಯ ಮೊತ್ತದ ಮೇಲೆ ಬೆರಳಿಟ್ಟು, "ಇಷ್ಟ್ ರೊಕ್ಕ ಈ ಕೋಣ್ಯಾಗ ಬಿದ್ದದೇನ್ರೀ?" ಅಂದರು. ನನ್ನ ಗ್ಯಾಪ್ ಬಗ್ಗೆ ಕೇಳಲಿಲ್ಲ. ಸೋಮವಾರದಿಂದ ಬರ್ರಿ ಅಂದರು.

ಸಂಬಳ ಚಾಕಣ್‌ನಷ್ಟು ಇಲ್ಲ. ಅಲ್ಲಿ 46 ಸಾವಿರ ಇತ್ತು, ಇಲ್ಲಿ 28ಕ್ಕೆ ಸೇರಿದೆ. ಆ ವ್ಯತ್ಯಾಸ ನಮ್ಮ ಮನೆಗೆ ಸಣ್ಣದಲ್ಲ, ಆ ಕೊರಗು ಇನ್ನೂ ಇದೆ. ಬೇರೆ ಕಡೆ ಹುಡುಕುವುದನ್ನು ಬಿಟ್ಟಿಲ್ಲ. ಆದರೆ ಈಗ ಕೈಯಲ್ಲಿ ಕೆಲಸ ಇಟ್ಟುಕೊಂಡು ಹುಡುಕುತ್ತಿದ್ದೇನೆ. ರಾತ್ರಿ ನಿದ್ದೆ ಬರುತ್ತದೆ. ಅಪ್ಪ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ.

ಹಾಗಾಗಿ ನಿಮಗೆ ಹೇಳುವುದಿಷ್ಟೇ. ದಿನಾ ಹತ್ತು ಅರ್ಜಿ ಹಾಕುವುದನ್ನು ಎರಡಕ್ಕೆ ಇಳಿಸಿ. ಉಳಿದ ಹೊತ್ತಿನಲ್ಲಿ, ನೀವು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರ ಹೆಸರು ಬರೆದುಕೊಂಡು ಫೋನ್ ಮಾಡಿ. ಹಳೇ ಮ್ಯಾನೇಜರ್ ಮಾತ್ರ ಅಲ್ಲ, ನಿಮಗೆ ಮಾಲು ಕೊಡುತ್ತಿದ್ದ ಸಪ್ಲೈಯರ್, ಆಡಿಟ್‌ಗೆ ಬರುತ್ತಿದ್ದವರು, ಕೆಲಸ ಬಿಟ್ಟು ಬೇರೆ ಕಡೆ ಹೋದ ಜೂನಿಯರ್. ಕೆಲಸ ಇದ್ದರೆ ಹೇಳಿ ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ನೋಡೋಣ ಅನ್ನುತ್ತಾರೆ. ನಿಮ್ಮಲ್ಲಿ ಇಂಥ ತೊಂದರೆ ಇದೆಯಾ, ನಾನು ಬಂದು ನೋಡಲಾ ಅಂತ ಕೇಳಿ. ಚಿಕ್ಕ ಕೆಲಸವಾದರೂ ಪರವಾಗಿಲ್ಲ, ಪುಕ್ಕಟೆ ಮಾತ್ರ ಮಾಡಬೇಡಿ.

ನಿಮ್ಮ ಕೆಲಸ ಯಾವುದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ, ದಯವಿಟ್ಟು ತಿಳಿಸಿ. ಸ್ಟೋರ್ಸ್, ಪರ್ಚೇಸ್, ಡಿಸ್ಪ್ಯಾಚ್ ಕಡೆಯವರಾಗಿದ್ದರೆ ನಿಮ್ಮ ರೆಸ್ಯೂಮ್ ಕಳಿಸಿ, ಸಾಲು ಸಾಲಾಗಿ ಓದಿ ಹೇಳುತ್ತೇನೆ. ಈಗ ತೊಗರಿ ಬರುವ ದಿನಗಳು, ಮಿಲ್‌ನಿಂದ ಮನೆಗೆ ಬರುವಾಗ ರಾತ್ರಿ ಒಂಬತ್ತು ದಾಟುತ್ತದೆ. ಉತ್ತರ ಒಂದೆರಡು ದಿನ ತಡವಾಗಬಹುದು, ಆದರೆ ಬರುತ್ತದೆ.