ಮೊದಲು ಪಿಕಪ್, ಆಮೇಲೆ ಮರ

ತೋಟದಲ್ಲಿ ಬಿದ್ದ ಹಲಸಿನ ಮರದಿಂದ ಹೊಸ ಬಾಡಿ ಮಾಡಿಸಿದರೆ ನಿಮ್ಮ ಸಿಂಗಲ್ ಕಾಯಿಲ್ (ಪಿಕಪ್ಪಿನಲ್ಲಿ ಒಂದೇ ಸುರುಳಿ ಇರುವ) ಎಲೆಕ್ಟ್ರಿಕ್ ಗಿಟಾರಿನ ತೆಳು ದನಿ ದಪ್ಪ ಆಗುತ್ತಾ ಅಂತ ಕೇಳಿದ್ದೀರಿ, ಅಲ್ವಾ? ಸುಮ್ನೆ ದುಡ್ಡು ಹಾಕಬೇಡಿ. ವೀಣೆಗೆ ಹಲಸು ಸರಿ, ಅಲ್ಲಿ ಮರದ ಕೊಡವೇ ಮೊಳಗುತ್ತದೆ. ಇಲ್ಲಿ ಪಿಕಪ್, ಅಂದರೆ ತಂತಿಗಳ ಕೆಳಗಿರುವ ಆಯಸ್ಕಾಂತ ಮತ್ತು ಸುರುಳಿ, ಹಿಡಿಯುವುದು ಸ್ಟೀಲ್ ತಂತಿಯ ಅಲುಗಾಟವನ್ನು. ಮರದ ಪಾಲು ತುಂಬಾ ಕಡಿಮೆ.

ಮೊದಲು ಪಿಕಪ್ಪಿನ ಸ್ಕ್ರೂ ತಿರುಗಿಸಿ, ದಪ್ಪ ತಂತಿಯ ಕಡೆ ಪಿಕಪ್ಪನ್ನು ಅರ್ಧ ಮಿಲಿಮೀಟರ್ ಏರಿಸಿ ಕೇಳಿ. ತೀರಾ ಹತ್ತಿರ ತರಬೇಡಿ, ಆಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ. ಸಾಲದಿದ್ದರೆ ಹಂಬಕರ್ ಅನ್ನುವ ಪಿಕಪ್ ಹಾಕಿಸಿ. ಎರಡು ಸುರುಳಿ ಇರುವುದರಿಂದ ದನಿ ತುಂಬಿಕೊಳ್ಳುತ್ತದೆ, ಕರೆಂಟಿನ ಗುಂಯ್ ಸದ್ದೂ ಅಡಗುತ್ತದೆ. 1955ರಲ್ಲಿ ಗಿಟಾರ್ ಕಂಪನಿ ಗಿಬ್ಸನ್‌ನ ಸೇತ್ ಲವರ್ ಅದನ್ನು ಮಾಡಿದ್ದೇ ಆ ಸದ್ದು ಅಡಗಿಸಲು.

ಮಡಿಕೇರಿ ಮಳೆಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ.