ಕೋರೆಲ್‌ಡ್ರಾದಂಥ ಡಿಸೈನ್ ಸಾಫ್ಟ್‌ವೇರಿನ ‘ಕನ್ವರ್ಟ್ ಟು ಕರ್ವ್ಸ್’ ಟೂಲ್ ಬಗ್ಗೆ ಎಐ ಏಜೆಂಟ್‌ಗೆ ಹೇಗೆ ಬರೆದುಕೊಡಬೇಕು?
ಏನು ಕಳೆದುಹೋಗುತ್ತದೆ ಅನ್ನೋದನ್ನು ಮೊದಲ ಸಾಲಲ್ಲೇ ಬರೆಯಿರಿ: ‘ಇದು ಅಕ್ಷರಗಳನ್ನು ಬರೀ ಆಕಾರ ಮಾಡುತ್ತದೆ. ಸೇವ್ ಮಾಡಿ ಮುಚ್ಚಿದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ. ಮೊದಲು ಫೈಲಿನ ಕಾಪಿ ಇಡಿ, ಬಳಸುವವರನ್ನು ಕೇಳಿ.’

ಏಜೆಂಟ್ ಹೆಚ್ಚಾಗಿ ಟೂಲಿನ ಹೆಸರು, ವಿವರಣೆ ಓದಿಯೇ ಆರಿಸುತ್ತದೆ. ‘ಅಕ್ಷರವನ್ನು ಕರ್ವ್ ಮಾಡುತ್ತದೆ’ ಅಂತ ಸುಮ್ನೆ ಬರೆದರೆ, ಫಾಂಟ್ ತೊಂದರೆ ಬಂದಾಗಲೆಲ್ಲ ಇದನ್ನೇ ಒತ್ತಬಹುದು. ದಾವಣಗೆರೆಯ ಪ್ರಿಂಟಿಂಗ್ ಅಂಗಡಿಯಲ್ಲಿ ಲಗ್ನಪತ್ರಿಕೆಗೆ ಹೀಗಾಯಿತು ಅನ್ನಿ. ಸೋದರಮಾವನ ಹೆಸರಲ್ಲಿ ಒಂದು ಒತ್ತು ತಪ್ಪಿದ್ದರೂ ಆ ಸಾಲನ್ನೇ ಮತ್ತೆ ಟೈಪ್ ಮಾಡಬೇಕು! ಹಾಗಾಗಿ ‘ಪ್ರೂಫ್ ಒಪ್ಪಿಗೆಗೆ ಮುಂಚೆ ಬಳಸಬೇಡಿ’ ಅಂತಲೂ ಸೇರಿಸಿ.

ಏಜೆಂಟನ್ನು ಟೂಲ್‌ಗಳಿಗೆ ಜೋಡಿಸುವ ಎಂಸಿಪಿ ಅನ್ನೋ ವ್ಯವಸ್ಥೆಯಲ್ಲಿ, ಟೂಲ್ ಇರುವುದನ್ನು ಹಾಳುಮಾಡಬಹುದು ಎಂದು ತಿಳಿಸುವ ‘ಡಿಸ್ಟ್ರಕ್ಟಿವ್ ಹಿಂಟ್’ ಅನ್ನೋ ಗುರುತಿದೆ. ಅದನ್ನೂ ಹಾಕಿ. ಆದರೆ ಅದು ಸೂಚನೆ ಅಷ್ಟೇ, ಒಪ್ಪಿಗೆ ಕೇಳುವ ತಡೆಯನ್ನು ಸಾಫ್ಟ್‌ವೇರ್‌ನಲ್ಲೇ ಬೇರೆ ಇಡಬೇಕು.