ಸರ್ಕಾರಿ ಮತ್ತು ಖಾಸಗಿ ಬಸ್ಸುಗಳಿಗೆ ಒಂದೇ ನಿಲ್ದಾಣ: ಊರಿನ ಟ್ರಸ್ಟ್ ಎಲ್ಲಿಂದ ಆರಂಭಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಕರಾವಳಿಯ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ಬಸ್ಸುಗಳು ಒಂದು ಕಡೆ, ಖಾಸಗಿ ಸರ್ವಿಸ್ ಬಸ್ಸುಗಳು ಇನ್ನೊಂದು ಕಡೆ ನಿಲ್ಲುತ್ತವೆ. ಎರಡನ್ನೂ ಒಂದೇ ಆವರಣಕ್ಕೆ ತರುವ ಪ್ರಸ್ತಾವವನ್ನು ಪುರಸಭೆ ಮತ್ತು ಸಾರಿಗೆ ನಿಗಮದ ಮುಂದಿಡಲು ನಿಮ್ಮ ಸೇವಾ ಟ್ರಸ್ಟ್ ನಿರ್ಧರಿಸಿದೆ. ಮೊದಲು ಎಂಜಿನಿಯರನ್ನು ಕರೆಸಿ ನಕ್ಷೆ ಬರೆಸಬೇಕೇ ಎಂದು ಕೇಳಿದ್ದೀರಿ. ನಾನು ಬಸ್ ಸಂಸ್ಥೆಯೊಂದರ ಸಂಚಾರ ವಿಭಾಗದಲ್ಲಿ 27 ವರ್ಷ ದುಡಿದು, ನಿವೃತ್ತನಾದ ಮೇಲೆ ನಿಮ್ಮಂಥದೇ ಒಂದು ಟ್ರಸ್ಟಿನ ಜೊತೆ ಇದೇ ಕೆಲಸಕ್ಕೆ ಕೈಹಾಕಿದವನು. ಆ ಅನುಭವದಿಂದ ಹೇಳುವುದಾದರೆ, ನಕ್ಷೆಯ ಸರದಿ ಬಹಳ ತಡವಾಗಿ ಬರುತ್ತದೆ. ಅದಕ್ಕೂ ಮೊದಲು, ನಿಮ್ಮ ಊರಿನಲ್ಲಿ ದಿನಕ್ಕೆ ಎಷ್ಟು ಮಂದಿ ಒಂದು ಬಸ್ಸಿನಿಂದ ಇಳಿದು ಇನ್ನೊಂದನ್ನು ಹತ್ತುತ್ತಾರೆ, ನಡುವೆ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎಂಬ ಲೆಕ್ಕ ನಿಮ್ಮ ಕೈಯಲ್ಲಿರಬೇಕು.

ಈ ಲೆಕ್ಕ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಸಾರಿಗೆ ನಿಗಮದ ಟಿಕೆಟ್ ಯಂತ್ರಗಳಿಂದ ಅವರ ಬಸ್ಸನ್ನು ಎಲ್ಲಿ ಎಷ್ಟು ಜನ ಹತ್ತಿದರೆಂದು ತಿಳಿಯುತ್ತದೆ. ಖಾಸಗಿ ಬಸ್ಸಿನ ಕಲೆಕ್ಷನ್ ಅದರ ಮಾಲೀಕರಿಗೆ ಮಾತ್ರ ಗೊತ್ತು. ಒಂದರಿಂದ ಇಳಿದು ಇನ್ನೊಂದಕ್ಕೆ ಓಡುವ ಮನುಷ್ಯ ಮಾತ್ರ ಇಬ್ಬರ ಪುಸ್ತಕದಲ್ಲೂ ಇರುವುದಿಲ್ಲ. ಅವರ ಲೆಕ್ಕದಲ್ಲಿ ಆತ ಎರಡು ಬೇರೆ ಬೇರೆ ಪ್ರಯಾಣಿಕ. ಮಂಗಳೂರನ್ನೇ ನೋಡಿ: ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಇಳಿದು, ಹಳ್ಳಿಯ ಕಡೆಗೆ ಹೋಗುವ ಸರ್ವಿಸ್ ಬಸ್ಸಿಗಾಗಿ ಸ್ಟೇಟ್‌ಬ್ಯಾಂಕ್ ಬಳಿಯ ಬಸ್ ನಿಲ್ದಾಣಕ್ಕೆ ಹೋಗಲು ನಡುವೆ ಮತ್ತೊಂದು ಸಿಟಿ ಬಸ್ಸನ್ನೋ ಆಟೊವನ್ನೋ ಹಿಡಿಯಬೇಕು. ಉಡುಪಿಯಲ್ಲಿ ಸಿಟಿ ಬಸ್ಸಿಗೆ, ಸರ್ವಿಸ್ ಬಸ್ಸಿಗೆ, ಕೆಎಸ್‌ಆರ್‌ಟಿಸಿಗೆ ಪ್ರತ್ಯೇಕ ನಿಲ್ದಾಣಗಳಿವೆ. ಆಯಾ ಕಾಲದಲ್ಲಿ ಸಿಕ್ಕ ಜಾಗದಲ್ಲಿ ಆಯಾ ನಿಲ್ದಾಣ ಎದ್ದಿತು. ನಡುವಿನ ನಡಿಗೆ ಯಾರ ಹೊಣೆಯೂ ಆಗಲಿಲ್ಲ.

ನಮ್ಮ ಎಣಿಕೆಯ ಮೊದಲ ದಿನ ನಾನೇ ಗಡಿಯಾರ ಹಿಡಿದು ಒಬ್ಬ ಅಜ್ಜಿಯ ಹಿಂದೆ ನಡೆದಿದ್ದೆ. ಕೈಯಲ್ಲಿ ಆಸ್ಪತ್ರೆಯ ಚೀಟಿ ಇಟ್ಟಿದ್ದ ಪ್ಲಾಸ್ಟಿಕ್ ಚೀಲ, ಕಂಕುಳಲ್ಲಿ ಕೊಡೆ. ಖಾಸಗಿ ಬಸ್ಸು ಇಳಿದವರು ಹೂವಿನ ಅಂಗಡಿಗಳ ಸಾಲು ದಾಟಿ, ಮುಚ್ಚಳವಿಲ್ಲದ ಚರಂಡಿಯ ಅಂಚಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು, ಹೆದ್ದಾರಿಯ ಬದಿಯಲ್ಲಿ ಲಾರಿಗಳು ಹೋಗುವ ತನಕ ಕಾದು ನಿಂತು, ಕೊನೆಗೆ ಸರ್ಕಾರಿ ನಿಲ್ದಾಣದ ಗೇಟು ಮುಟ್ಟಿದಾಗ 11 ನಿಮಿಷ ಕಳೆದಿತ್ತು. ದೂರ ಅಳೆದರೆ 430 ಮೀಟರ್. ಅವರು ಹತ್ತಬೇಕಿದ್ದ ಬಸ್ಸು ಗೇಟಿನಿಂದ ಹೊರಗೆ ತಿರುಗುತ್ತಿತ್ತು. "ಬಸ್ಸು ಹೋಯ್ತಲ್ಲ ಮಗ, ಇನ್ನು ಮಧ್ಯಾಹ್ನವೇ ಗತಿ" ಎಂದು ಹೇಳಿ ಕಟ್ಟೆಯ ಮೇಲೆ ಕುಳಿತರು. ಆ ಬಸ್ಸು 5 ನಿಮಿಷ ತಡವಾಗಿ ಹೊರಡುವಂತೆ ವೇಳೆ ಬದಲಿಸಿದ್ದರೆ, ಅಥವಾ ಆ ನಡಿಗೆಯನ್ನು 100 ಮೀಟರಿಗೆ ಇಳಿಸಿದ್ದರೆ, ಅವರ ಅರ್ಧ ದಿನ ಉಳಿಯುತ್ತಿತ್ತು. ನಿಮ್ಮ ಯೋಜನೆಯ ಉದ್ದೇಶವನ್ನು ಇಷ್ಟೇ ಸ್ಪಷ್ಟವಾಗಿ ಬರೆದಿಟ್ಟುಕೊಳ್ಳಿ. ಮುಂದೆ ಕಟ್ಟಡದ ಅಂದ, ಮಳಿಗೆಗಳ ಸಂಖ್ಯೆ, ಕಮಾನಿನ ಮೇಲಿನ ಹೆಸರು ಮುಂತಾದ ಚರ್ಚೆಗಳು ಬಂದಾಗ ಹಿಡಿದುಕೊಳ್ಳಲು ಒಂದು ಆಸರೆ ಬೇಕಾಗುತ್ತದೆ.

ಎಣಿಕೆಯನ್ನು ಕನಿಷ್ಠ ಎರಡು ದಿನ ಮಾಡಿ: ಒಂದು ಸಂತೆಯ ದಿನ, ಇನ್ನೊಂದು ಶಾಲೆ ಕಾಲೇಜು ನಡೆಯುವ ಸಾಧಾರಣ ದಿನ. ಬೆಳಿಗ್ಗೆ 6ರಿಂದ ರಾತ್ರಿ 8ರ ತನಕ ಸ್ವಯಂಸೇವಕರು ಪಾಳಿಯಲ್ಲಿ ನಿಲ್ಲಲಿ. ಇಳಿದವರನ್ನು ಮೂರೇ ಮಾತು ಕೇಳಿ: ಎಲ್ಲಿಂದ ಬಂದಿರಿ, ಮುಂದೆ ಎಲ್ಲಿಗೆ, ಹೇಗೆ ಹೋಗುತ್ತೀರಿ. ಮಹಿಳೆಯರ ಉತ್ತರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ಖಾಸಗಿ ಬಸ್ಸಿನಲ್ಲಿ ಈ ಸೌಲಭ್ಯವಿಲ್ಲ. ಹೀಗಾಗಿ ಎದುರಿಗೇ ಖಾಸಗಿ ಬಸ್ಸು ಹೊರಟು ನಿಂತಿದ್ದರೂ ಸರ್ಕಾರಿ ಬಸ್ಸಿಗಾಗಿ ಮುಕ್ಕಾಲು ಗಂಟೆ ಕಾಯುವ ಮಹಿಳೆಯರನ್ನು ನೀವು ನೋಡುತ್ತೀರಿ. ಆ ಕಾಯುವಿಕೆ ಅವರ ಕೂಲಿಯ ಲೆಕ್ಕಾಚಾರಕ್ಕೆ ಸೇರಿದ್ದು, ಅದನ್ನು ಪ್ರಶ್ನಿಸುವ ಅಧಿಕಾರ ನಮಗಿಲ್ಲ. ಯೋಜನೆ ಮಾಡುವವರು ಅದರಿಂದ ತಿಳಿಯಬೇಕಾದದ್ದು, ಹೆಂಗಸರು ಕೂರುವ ಜಾಗ, ಮಗುವಿಗೆ ಹಾಲುಣಿಸುವ ಕೋಣೆ, ಶೌಚಾಲಯ ಇವು ಹಳೆಯ ಅಂದಾಜಿಗಿಂತ ದೊಡ್ಡದಾಗಿರಬೇಕು ಎಂಬುದು.

ಇನ್ನು ಅಂಕಣಗಳ, ಅಂದರೆ ಒಂದೊಂದು ಬಸ್ಸು ನಿಂತು ಜನರನ್ನು ಹತ್ತಿಸಿಕೊಳ್ಳುವ ಜಾಗಗಳ, ಸಂಖ್ಯೆ. ಜಾಗ ಸಾಲದು ಎಂಬ ಮಾತು ಬರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಳಗಿನ ದಟ್ಟಣೆಯ ಒಂದು ಗಂಟೆಯಲ್ಲಿ 40 ಬಸ್ಸುಗಳು ಹೊರಡುತ್ತವೆ ಎಂದಿಟ್ಟುಕೊಳ್ಳಿ. ಪ್ರತಿ ಬಸ್ಸು ಅಂಕಣದಲ್ಲಿ 10 ನಿಮಿಷ ಮಾತ್ರ ನಿಂತರೆ, ಒಳಬರುವ ಹೊರಡುವ ಸಮಯವನ್ನೂ ಅಷ್ಟಿಷ್ಟು ತಡವನ್ನೂ ಸೇರಿಸಿಕೊಂಡು, ಒಂದು ಅಂಕಣ ಗಂಟೆಗೆ 4 ಬಸ್ಸುಗಳನ್ನು ನಿಭಾಯಿಸುತ್ತದೆ. 10 ಅಂಕಣ ಸಾಕು. ಅದೇ ಬಸ್ಸುಗಳು ಚಾಲಕ ನಿರ್ವಾಹಕರು ತಿಂಡಿ ಮುಗಿಸಿ ಬರುವ ತನಕ 25 ನಿಮಿಷ ಅಲ್ಲೇ ನಿಂತರೆ ಗಂಟೆಗೆ 2 ಬಸ್ಸು ಮಾತ್ರ ಸಾಗುತ್ತವೆ, ಆಗ 20 ಅಂಕಣ ಬೇಕು. ಅಂದರೆ ವಿರಾಮಕ್ಕೆ ನಿಲ್ಲುವ ಬಸ್ಸುಗಳಿಗೆ ಹಿಂಬದಿಯಲ್ಲಿ ಬೇರೆ ಜಾಗ ತೋರಿಸಿ, ಹೊರಡುವ ಹೊತ್ತಿಗೆ ಮಾತ್ರ ಅಂಕಣಕ್ಕೆ ಬರುವಂತೆ ಮಾಡಿದರೆ, ಜನ ನಡೆಯುವ ಮುಂಭಾಗ ಅರ್ಧಕ್ಕೆ ಇಳಿಯುತ್ತದೆ. ಚಾಲಕರಿಗೆ ವಿಶ್ರಾಂತಿ ಕೊಠಡಿ, ಕುಡಿಯುವ ನೀರು, ಶೌಚಾಲಯವನ್ನು ಆ ಹಿಂಬದಿಯ ಜಾಗದಲ್ಲಿ ಕಟ್ಟಿಕೊಡದಿದ್ದರೆ ಯಾವ ನಿಯಮವೂ ನಡೆಯುವುದಿಲ್ಲ, ನಡೆಯಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಪರಸ್ಪರ ಸಂಪರ್ಕ ಕಲ್ಪಿಸುವ ಬಸ್ಸುಗಳಿಗೆ ಎದುರುಬದುರು ಅಂಕಣ ಕೊಡಿ; ಸಂಸ್ಥೆವಾರು ಹಂಚಬೇಡಿ. ಸರ್ಕಾರಿ ಬಸ್ಸೆಲ್ಲ ಎಡಕ್ಕೆ, ಖಾಸಗಿಯೆಲ್ಲ ಬಲಕ್ಕೆ ಎಂದು ಹಂಚಿದರೆ ಒಂದೇ ಗೋಡೆಯೊಳಗೆ ಎರಡು ನಿಲ್ದಾಣ ಕಟ್ಟಿದ ಹಾಗೆ.

ಕರಾವಳಿಯ ಮಳೆಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ನಕ್ಷೆ ಬರೆಯುವವರು ಬೇರೆ ಊರಿನವರಾಗಿದ್ದರೆ ಹೇಳಲೇಬೇಕು. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ನೋಟಕ್ಕೆ ಭವ್ಯವಾಗಿರಲೆಂದು ಮಾಡನ್ನು (ಚಾವಣಿಯನ್ನು) ಬಹಳ ಎತ್ತರಕ್ಕೆ ಏರಿಸಿದ್ದರು. ಆಷಾಢದ ಗಾಳಿಗೆ ಇರಚಲು ಬೆಂಚಿನ ತನಕ ಹೊಡೆದು, ಬಸ್ಸಿಗೆ ಕಾಯುವವರು ಗೋಡೆಗೆ ಒತ್ತಿ ನಿಲ್ಲಬೇಕಾಯಿತು. ಮಾಡಿನ ಅಂಚು ಬಸ್ಸಿನ ಬಾಗಿಲನ್ನು ದಾಟಿ ಚಾಚಿಕೊಂಡಿರಬೇಕು, ಬಸ್ಸಿನ ನೆತ್ತಿಗೆ ಬೇಕಾದಷ್ಟೇ ಎತ್ತರದಲ್ಲಿರಬೇಕು. ಇಳಿಜಾರು ದಾರಿ 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಏರಬಾರದು. ಗಾಲಿಕುರ್ಚಿಯವರಿಗೆ ಮಾತ್ರವಲ್ಲ, ಮೀನಿನ ಬುಟ್ಟಿ ಹೊತ್ತು ಬೆಳಗಿನ ಬಸ್ಸು ಹಿಡಿಯುವ ಮಹಿಳೆಯರಿಗೂ ಅದು ಬೇಕು. ಅವರು ಬುಟ್ಟಿ ಇಳಿಸಿ ಕೈ ತೊಳೆಯಲು ಒಂದು ನಲ್ಲಿ, ನೀರು ಹರಿದುಹೋಗುವ ಒಂದು ಮೂಲೆ ಇರಲಿ. ಇದನ್ನು ನಾವು ಮೊದಲ ನಕ್ಷೆಯಲ್ಲಿ ಮರೆತಿದ್ದೆವು. ಸಭೆಗೆ ಬಂದಿದ್ದ ಮೀನು ಮಾರುವ ಅಕ್ಕ ಒಬ್ಬರು ಎದ್ದು ನಿಂತು ಕೇಳಿದ್ದರಿಂದ ಅದು ಸೇರಿತು.

ವ್ಯಾಪಾರ ಮಳಿಗೆಗಳ ವಿಷಯದಲ್ಲಿ ಬೆಂಗಳೂರಿನ ಅನುಭವ ನಿಮಗೆ ಉಪಯೋಗಕ್ಕೆ ಬಂದೀತು. ಕೇಂದ್ರ ಸರ್ಕಾರದ ಜೆ-ನರ್ಮ್ ಎಂಬ ನಗರಾಭಿವೃದ್ಧಿ ಯೋಜನೆಯ ನೆರವಿನಿಂದ ಬಿಎಂಟಿಸಿಯು ಶಾಂತಿನಗರ, ಜಯನಗರ, ದೊಮ್ಮಲೂರು, ಕೋರಮಂಗಲ, ವಿಜಯನಗರ ಮುಂತಾದ ಕಡೆ ಟಿಟಿಎಂಸಿ ಎಂಬ ಬಹುಮಹಡಿ ಬಸ್ ಕೇಂದ್ರಗಳನ್ನು ಕಟ್ಟಿತು. ಕೆಳಗೆ ಬಸ್ಸು, ಮೇಲೆ ಬಾಡಿಗೆ ಮಹಡಿಗಳು. ಬಾಡಿಗೆಯಿಂದ ಬಸ್ಸು ಓಡಿಸುವ ಖರ್ಚು ತುಂಬಿಕೊಳ್ಳಲಿ ಎಂಬುದು ಆಶಯ. ಆಶಯ ತಪ್ಪಲ್ಲ. ಆದರೆ ಹಲವು ಮಹಡಿಗಳು ಬಾಡಿಗೆದಾರರಿಲ್ಲದೆ ಬಹುಕಾಲ ಖಾಲಿ ಉಳಿದವು. ರಾಜಧಾನಿಯಲ್ಲೇ ಹೀಗಾದರೆ ತಾಲ್ಲೂಕು ಕೇಂದ್ರದ ಎರಡನೆಯ ಮಹಡಿಯನ್ನು ಯಾರು ಕೇಳುತ್ತಾರೆ? ನಿಮ್ಮಲ್ಲಿ ಬಾಡಿಗೆ ತರುವುದು ಪ್ರಯಾಣಿಕರ ಕಾಲ್ದಾರಿಗೆ ತಾಗಿದ ನೆಲಮಹಡಿಯ ಅಂಗಡಿಗಳು: ಹೋಟೆಲು, ಔಷಧದಂಗಡಿ, ಹಾಲಿನ ಬೂತು. ಅಷ್ಟಕ್ಕೆ ನಿಲ್ಲಿಸುವುದು ಉತ್ತಮ.

ಊರಿನ ಸಂಸ್ಥೆಯೊಂದು ಸಾರಿಗೆ ಸಂಸ್ಥೆಯ ಜೊತೆ ಸೇರಿ ಇಂಥ ಕೇಂದ್ರ ಕಟ್ಟಿದ ಉದಾಹರಣೆ ಇದೆಯೇ ಎಂದೂ ಕೇಳಿದ್ದೀರಿ. ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಫ್ರೂಟ್‌ವೇಲ್. ಮಗಳ ಮನೆಗೆ ಹೋದಾಗ ಎರಡು ದಿನ ಅಲ್ಲಿ ಕುಳಿತು ನೋಡಿದ್ದೇನೆ. 1991ರಲ್ಲಿ ಅಲ್ಲಿನ ರೈಲು ಸಂಸ್ಥೆ ಬಾರ್ಟ್, ನಿಲ್ದಾಣದ ಪಕ್ಕ ಬಹುಮಹಡಿ ವಾಹನ ನಿಲುಗಡೆ ಕಟ್ಟಲು ಹೊರಟಿತು. ಆ ಬಡಾವಣೆಯಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತನಾಡುವ ಕುಟುಂಬಗಳವರು. ಆ ಕಟ್ಟಡ ಎದ್ದರೆ ನಿಲ್ದಾಣಕ್ಕೂ ಅಂಗಡಿ ಬೀದಿಗೂ ನಡುವೆ ಗೋಡೆ ಬಿದ್ದಂತಾಗುತ್ತದೆ ಎಂದು ಜನ ಆಕ್ಷೇಪಿಸಿದರು. 1964ರಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಯೂನಿಟಿ ಕೌನ್ಸಿಲ್ ಎಂಬ ಸೇವಾಸಂಸ್ಥೆ ವಿರೋಧಿಸಿ ಸುಮ್ಮನಾಗಲಿಲ್ಲ; ನೆರೆಹೊರೆಯವರನ್ನು ಕೂರಿಸಿಕೊಂಡು ತನ್ನದೇ ಯೋಜನೆ ರೂಪಿಸಿತು, ನಗರಾಡಳಿತ ಮತ್ತು ಕೇಂದ್ರ ಸರ್ಕಾರದ ಅನುದಾನ ಹುಡುಕಿತು, ಬಾರ್ಟ್ ಜೊತೆ ಜಮೀನಿನ ವಿಷಯ ಇತ್ಯರ್ಥಪಡಿಸಿಕೊಂಡಿತು. 2004ರಲ್ಲಿ ಆ ಕೇಂದ್ರ ತೆರೆದಾಗ ಚಿಕಿತ್ಸಾಲಯ, ಗ್ರಂಥಾಲಯ, ಹಿರಿಯರ ಕೇಂದ್ರ, ಅಂಗಡಿಗಳು ಮತ್ತು 47 ಮನೆಗಳು ನಿಲ್ದಾಣದ ಅಂಗಳದ ಸುತ್ತ ಇದ್ದವು. ರೈಲು ಇಳಿದವರು ಬಸ್ಸಿಗೂ ಅಂಗಡಿ ಬೀದಿಗೂ ನಡೆದೇ ಹೋಗುತ್ತಾರೆ. 1991ರಿಂದ 2004: ಹದಿಮೂರು ವರ್ಷ. ಇದನ್ನು ನಿಮ್ಮ ಟ್ರಸ್ಟಿನ ಸಭೆಯಲ್ಲಿ ಮೊದಲೇ ಹೇಳಿಬಿಡಿ, ಏಕೆಂದರೆ ಎರಡು ವರ್ಷದಲ್ಲಿ ಉದ್ಘಾಟನೆ ಆಗುತ್ತದೆಂದು ನಂಬಿ ಬಂದವರು ಮೂರನೆಯ ವರ್ಷ ಸಭೆಗೆ ಬರುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, ವಾಹನಗಳು ಎಲ್ಲಿ ನಿಲ್ಲಬೇಕೆಂದು ಗೊತ್ತುಪಡಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಂತೆ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಪ್ರಾಧಿಕಾರಕ್ಕೆ ಇದೆ, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ. ಆದ್ದರಿಂದ ಪುರಸಭೆ ಒಪ್ಪಿದರೆ ಸಾಲದು, ಜಿಲ್ಲಾಧಿಕಾರಿಗಳ ಕಚೇರಿಗೂ ಆರ್‌ಟಿಒಗೂ ನಡೆದಾಡಬೇಕು. ಬಸ್ ಮಾಲೀಕರ ಸಂಘವನ್ನು ಕೊನೆಗೆ ಕರೆಯುವ ತಪ್ಪು ಮಾಡಬೇಡಿ. ಹೊಸ ಜಾಗಕ್ಕೆ ತಿರುಗಿ ಬರಲು ಪ್ರತಿ ಟ್ರಿಪ್ಪಿಗೆ ಒಂದು ಕಿಲೋಮೀಟರ್ ಹೆಚ್ಚಾದರೆ ದಿನದ ಡೀಸೆಲ್ ಖರ್ಚು ಎಷ್ಟೆಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಆ ಆತಂಕಕ್ಕೆ ನಿಮ್ಮಲ್ಲಿ ಉತ್ತರವಿರಬೇಕು. ಈಗಿನ ನಿಲ್ದಾಣದ ಸುತ್ತ ಹೂವು ಹಣ್ಣು ಮಾರಿ ಬದುಕುವವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ಅವರ ಹೊಸ ಜಾಗವನ್ನು ಮೊದಲ ನಕ್ಷೆಯಲ್ಲೇ ಗುರುತಿಸಿ.

ಟ್ರಸ್ಟಿನ ಪಾತ್ರವೇನು ಎಂಬುದನ್ನು ಕಾಗದದ ಮೇಲೆ ತರುವಾಗ ಎರಡು ವಿಷಯಗಳಲ್ಲಿ ಸಡಿಲಬೇಡಿ. ಕಾಮಗಾರಿಯ ಗುತ್ತಿಗೆಯಾಗಲಿ ಮಳಿಗೆಗಳಾಗಲಿ ಟ್ರಸ್ಟಿನ ಪದಾಧಿಕಾರಿಗಳಿಗೂ ಅವರ ಬಂಧುಗಳಿಗೂ ಹೋಗಬಾರದು ಎಂದು ನೀವೇ ಬರೆದುಕೊಡಿ. ಎಣಿಕೆಯ ದಿನ ಜನ ನಿಮಗೆ ಉತ್ತರ ಕೊಟ್ಟದ್ದು ನಿಮಗೆ ಅದರಲ್ಲಿ ಲಾಭವಿಲ್ಲ ಎಂದು ನಂಬಿದ್ದರಿಂದ. ಎರಡನೆಯದು ನಿರ್ವಹಣೆ. ನಮ್ಮ ಕೆಲಸದಲ್ಲಿ ಶೌಚಾಲಯವನ್ನು ಯಾರು ತೊಳೆಯಬೇಕು, ಪಂಪಿನ ವಿದ್ಯುತ್ ಬಿಲ್ಲನ್ನು ಯಾರು ಕಟ್ಟಬೇಕು ಎಂದು ಒಪ್ಪಂದದಲ್ಲಿ ಬರೆದಿರಲಿಲ್ಲ. ಉದ್ಘಾಟನೆಯಾದ ಎಂಟನೇ ತಿಂಗಳಿಗೆ ಬೀಗ ಬಿತ್ತು, ಕಾಲೇಜಿನ ಹೆಣ್ಣುಮಕ್ಕಳು ಪಕ್ಕದ ಹೋಟೆಲಿನವರನ್ನು ಬೇಡಿಕೊಳ್ಳುವಂತಾಯಿತು. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ. ನೆಲಮಹಡಿಯ ಇಂತಿಷ್ಟು ಮಳಿಗೆಗಳ ಬಾಡಿಗೆ ನೇರವಾಗಿ ನಿರ್ವಹಣೆಯ ಪ್ರತ್ಯೇಕ ಖಾತೆಗೇ ಹೋಗಬೇಕು, ಅದರ ಲೆಕ್ಕವನ್ನು ತಿಂಗಳಿಗೊಮ್ಮೆ ನಿಲ್ದಾಣದ ಗೋಡೆಯ ಮೇಲೆ ಅಂಟಿಸಬೇಕು ಎಂಬ ಷರತ್ತನ್ನು ಶಂಕುಸ್ಥಾಪನೆಗೆ ಮೊದಲೇ ಹಾಕಿಸಿ.

ಇಷ್ಟಾದ ಮೇಲೆ ನಕ್ಷೆ ಬರೆಸಿ, ಆದರೆ ಅದಕ್ಕೆ ಸಹಿ ಹಾಕುವ ಮೊದಲು ಒಂದು ಭಾನುವಾರ ಆ ಜಾಗದಲ್ಲಿ, ಅದು ಸಾಲದಿದ್ದರೆ ಶಾಲೆಯ ಮೈದಾನದಲ್ಲಿ, ಕಬಡ್ಡಿ ಅಂಕಣಕ್ಕೆ ಹಾಕುವಂತೆ ಸುಣ್ಣದ ಪುಡಿಯಿಂದ ಪೂರ್ಣ ಅಳತೆಯ ಗೆರೆಗಳನ್ನು ಎಳೆಯಿರಿ. ಡಿಪೋ ಮ್ಯಾನೇಜರರನ್ನು ಕೇಳಿಕೊಂಡು 12 ಮೀಟರಿನ ಒಂದು ಬಸ್ಸನ್ನು, ಸಂಘದವರನ್ನು ಕೇಳಿಕೊಂಡು ಒಂದು ಖಾಸಗಿ ಬಸ್ಸನ್ನು ತರಿಸಿ, ಅನುಭವಿ ಚಾಲಕರಿಂದ ಒಳಗೆ ಹೊರಗೆ ಓಡಿಸಿ ನೋಡಿ. ನಮ್ಮಲ್ಲಿ ಮೂರನೇ ತಿರುವಿಗೇ ಚಾಲಕರು ತಲೆ ಹೊರಹಾಕಿ, "ಸಾರ್, ಇಲ್ಲಿ ಕಂಬ ನಿಲ್ಲಿಸಿದರೆ ಎಡಗಡೆ ಕನ್ನಡಿ ಹೋಯಿತು ಅಂತ ತಿಳ್ಕೊಳ್ಳಿ" ಎಂದರು. ಆ ಕಂಬವನ್ನು ನಾವು ಅವತ್ತೇ ಒಂದೂವರೆ ಮೀಟರ್ ಹಿಂದಕ್ಕೆ ಸರಿಸಿದೆವು, ಖರ್ಚಾದದ್ದು ಅರ್ಧ ಚೀಲ ಸುಣ್ಣ.